ಸಂತೈಸುವವರ ಪ್ರಾರ್ಥನೆ ಬತ್ತಿದಾಗ

ಘಟ್ಟದ ಮೇಲೆ ಕೊಪ್ಪದ ಕಡೆ ಸೇವೆಯಲ್ಲಿರುವ ಸಿಸ್ಟರ್ ಒಬ್ಬರು ಒಮ್ಮೆ ಊರಿಗೆ ಬಂದಿದ್ದಾಗ ನಮ್ಮನ್ನು ಕಾಣಲು ಬಂದರು. ಕುಶಲ ವಿಚಾರಿಸಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಫಾದರ್, ಈಗೀಗ ಪ್ರಾರ್ಥನೆಗೆ ಕುಳಿತರೆ ದೇವರು ಬರುವುದಿಲ್ಲ, ಅವರೆಲ್ಲ ಬರುತ್ತಾರೆ" ಎಂದರು. ಅವರೆಲ್ಲ ಎಂದರೆ ವಾರವಿಡೀ ಸಿಸ್ಟರ್ ಎದುರು ಕುಳಿತು ಅತ್ತು ಹೋದವರು. ಕುಡುಕ ಗಂಡನ ಕೈಯಿಂದ ಪೆಟ್ಟು ತಿಂದ ಹೆಂಗಸು, ಸಾಲದ ಕಂತು ಕಟ್ಟಲಾಗದೆ ಮನೆಗೆ ಹೋಗಲು ಹೆದರುವವರು, ಬೆಳೆದ ಮಗನನ್ನು ಕಳೆದುಕೊಂಡ ತಂದೆ. ಜಪಸರದ ಮಣಿ ಸರಿಸುವಾಗ, ಬಲಿಪೂಜೆಯ ನಡುವೆ, ಕಣ್ಣು ಮುಚ್ಚಿದರೆ ಈ ಮುಖಗಳೇ. (ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇವೆ.)

ಅಂದು ನಾವು ಕೊಟ್ಟ ಉತ್ತರ ತಪ್ಪಾಗಿತ್ತು. "ಇನ್ನೂ ಸ್ವಲ್ಪ ಹೆಚ್ಚು ಪ್ರಾರ್ಥನೆ ಮಾಡಿ ಸಿಸ್ಟರ್" ಎಂದೆವು. ಬತ್ತಿದ ಬಾವಿಗೆ ಇನ್ನೊಂದು ಕೊಡ ಇಳಿಸಿ ನೋಡಿ ಎಂದಂತೆ. ಅವರು ತಲೆಯಾಡಿಸಿ ಹೋದರು. ಆ ಉತ್ತರ ಏಕೆ ತಪ್ಪು ಎಂಬುದನ್ನು ತಿಳಿಯಲು ನಮಗೆ ಬಹಳ ಸಮಯ ಹಿಡಿಯಿತು. ಅಂತಹ ಸೇವೆಯಲ್ಲಿರುವವರಿಗೂ ಅವರನ್ನು ಕಳುಹಿಸಿದ ನಮ್ಮಂತಹವರಿಗೂ ಉಪಯೋಗವಾಗಬಹುದೆಂದು ಈ ಲೇಖನ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕುಗಳು ಕರಾವಳಿಯ ನಮಗೆ ದೂರದ ಊರುಗಳೇನಲ್ಲ. ಆಗುಂಬೆ ಘಾಟಿ ಹತ್ತಿದರೆ, ಇಲ್ಲವೇ ಕಾರ್ಕಳದಿಂದ ಮಾಳದ ದಾರಿ ಹಿಡಿದರೆ ಅಲ್ಲಿಗೆ ತಲುಪುತ್ತೇವೆ. ಅಲ್ಲಿನ ಲ್ಯಾಟಿನ್ ವಿಧಿಯ ಕೆಥೊಲಿಕರು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ನರಸಿಂಹರಾಜಪುರದ ಸುತ್ತ ಕೇರಳದಿಂದ ಬಂದು ನೆಲೆಸಿದ ಸಿರೋ-ಮಲಬಾರ್ ಮತ್ತು ಯಾಕೋಬಾಯ ಕುಟುಂಬಗಳೂ ಇವೆ. ನಮ್ಮ ಕಡೆಯ ಎಷ್ಟೋ ಧರ್ಮಭಗಿನಿಯರು, ನರ್ಸುಗಳು, ಶಿಕ್ಷಕಿಯರು ಅಲ್ಲಿಗೆ ಹೋಗಿ ದುಡಿದಿದ್ದಾರೆ, ದುಡಿಯುತ್ತಿದ್ದಾರೆ. ಅವರಲ್ಲಿ ಬಹುತೇಕರ ಬಳಿ ಆಪ್ತಸಮಾಲೋಚಕ ಎಂಬ ಬೋರ್ಡು ಇಲ್ಲ. ಹಾಸ್ಟೆಲ್ ನೋಡಿಕೊಳ್ಳುವ ಸಿಸ್ಟರ್, ಆಶಾ ಕಾರ್ಯಕರ್ತೆ, ಸ್ವಸಹಾಯ ಗುಂಪಿನ ಮೇಲ್ವಿಚಾರಕಿ, ಉಪದೇಶಿ, ಊರಿನ ಚರ್ಚಿನ ಫಾದರ್, ಇವರೇ ಅಲ್ಲಿ ಜನ ಮನಸ್ಸು ಬಿಚ್ಚುವ ಜಾಗ.

ಆ ಜನರ ಮನಸ್ಸಿನಲ್ಲಿ ಏನಿದೆ? ಅಲ್ಲಿನ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ರೋಗ ಹಿಡಿದ ಮರವನ್ನು ಗುಣಪಡಿಸುವ ಮದ್ದಿಲ್ಲ. ವರ್ಷ ವರ್ಷ ಫಸಲು ಇಳಿಯುವುದನ್ನು ನೋಡುತ್ತ ಕೂರಬೇಕು. ಅದರ ಮೇಲೆ ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಬಂತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈ ತಾಲೂಕುಗಳನ್ನೂ ಬಿಟ್ಟಿಲ್ಲ. ಚಳಿಗಾಲದಿಂದ ಮಳೆ ಹಿಡಿಯುವವರೆಗೂ ದರಗು ತರಲು, ಸೌದೆ ತರಲು ಕಾಡಿಗೆ ಹೋಗುವವರಿಗೆ ಉಣುಗಿನ ಭಯ. ಆನೆ ತುಳಿದು ಸತ್ತವರ ಮನೆಗಳಿವೆ. ಬೆಂಗಳೂರಿಗೆ ಹೋದ ಮಕ್ಕಳು ಹಿಂತಿರುಗದ ದೊಡ್ಡ ಮನೆಗಳಲ್ಲಿ ಇಬ್ಬರೇ ಮುದುಕರು ಉಳಿದಿದ್ದಾರೆ. ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಅದರೊಂದಿಗೆ ಫೋನೂ ಸತ್ತಿರುತ್ತದೆ. ಇದನ್ನೆಲ್ಲ ಕೇಳಿಸಿಕೊಳ್ಳುವವರ ಕಿವಿ ಎಷ್ಟು ದೊಡ್ಡದಿರಬೇಕು!

ನಗರದ ಸಮಾಲೋಚಕರಿಗೆ ಇಲ್ಲದ ಕಷ್ಟವೊಂದು ಇವರಿಗಿದೆ. ನಗರದಲ್ಲಿ ಸಂಜೆ ಬಾಗಿಲು ಹಾಕಿದರೆ ಬಂದವರು ಯಾರೋ, ನಾವು ಯಾರೋ. ಕೊಪ್ಪದ ಬಸ್ ನಿಲ್ದಾಣದಲ್ಲಿ ಹಾಗಾಗುವುದಿಲ್ಲ. ನಿನ್ನೆ ಗಂಡನ ವಿಷಯ ಹೇಳಿ ಅತ್ತ ಹೆಂಗಸು ಇಂದು ಅದೇ ಗಂಡನ ಜೊತೆ ಸಂತೆಯಲ್ಲಿ ಎದುರಾಗುತ್ತಾಳೆ. ಆತ "ನಮಸ್ಕಾರ ಸಿಸ್ಟರ್" ಎನ್ನುತ್ತಾನೆ, ಇವರು ನಗಬೇಕು. ಭಾನುವಾರ ಅವನೇ ಕಾಣಿಕೆ ತಟ್ಟೆ ಹಿಡಿದು ಬರುತ್ತಾನೆ. ತಿಳಿದದ್ದನ್ನು ಮುಖದಲ್ಲೂ ತೋರಿಸದಂತೆ ಬದುಕುವುದು ಒಂದು ದುಡಿಮೆಯೇ, ಅದಕ್ಕೆ ರಜೆ ಇಲ್ಲ. ಹೇಳಿಕೊಳ್ಳೋಣವೆಂದರೆ ಹೆಸರು ಬಿಟ್ಟು ಹೇಳಿದರೂ ಊರಿನವರಿಗೆ ಯಾರೆಂದು ಗೊತ್ತಾಗುತ್ತದೆ. ಹೀಗೆ ಕೇಳಿದ್ದೆಲ್ಲ ಒಳಗೇ ತುಂಬುತ್ತದೆ. ಪ್ರಾರ್ಥನೆಗೆ ಕುಳಿತಾಗ, ದಿನದಲ್ಲಿ ಮೊದಲ ಬಾರಿಗೆ ಬಾಯಿ ಕೈ ಸುಮ್ಮನಾದಾಗ, ಅದೇ ಉಕ್ಕಿ ಬರುತ್ತದೆ. ಆ ಸಿಸ್ಟರ್ ಪ್ರಾರ್ಥನೆಯಲ್ಲಿ ಸೋತಿರಲಿಲ್ಲ. ಅವರ ಹೊರೆ ಇಳಿಸಲು ಬೇರೆ ಜಾಗವೇ ಇರಲಿಲ್ಲ, ಅಷ್ಟೇ.

1974ರಲ್ಲಿ ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುವವರ ಸ್ಥಿತಿಯನ್ನು ವಿವರಿಸಲು ಬರ್ನ್‌ಔಟ್ ಎಂಬ ಪದವನ್ನು ಬಳಸಿದರು. ಅವರು ಗಮನಿಸಿದ ಸಂಗತಿ ನಮಗೂ ಪಾಠವೇ. ಸುಟ್ಟುಹೋಗುವವರು ಸೋಮಾರಿಗಳಲ್ಲ, ಎಲ್ಲರಿಗಿಂತ ಹೆಚ್ಚು ಅರ್ಪಿಸಿಕೊಂಡವರೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎಂದು ಕರೆಯದೆ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿತು. ಅದರ ಲಕ್ಷಣಗಳು ಮೂರು: ನಿದ್ದೆಯಿಂದಲೂ ತೀರದ ದಣಿವು, ಕೆಲಸದ ಬಗ್ಗೆ ಬೇಸರ ಅಥವಾ ಕಹಿ, ಮಾಡಿದ್ದು ಯಾವುದೂ ಫಲಿಸುತ್ತಿಲ್ಲ ಎಂಬ ಭಾವನೆ. ಧರ್ಮಸೇವೆಯಲ್ಲಿರುವವರಲ್ಲಿ ಎರಡನೆಯದು ಬೇಗ ಕಾಣುವುದಿಲ್ಲ, ಏಕೆಂದರೆ ನಾವು ಅದನ್ನು ನಗುವಿನಿಂದ ಮುಚ್ಚುತ್ತೇವೆ. ಬಾಗಿಲಲ್ಲಿ ಯಾರೋ ನಿಂತದ್ದು ಕಂಡಾಗ ಒಳಗೆ "ಮತ್ತೆ ಬಂದಳಲ್ಲ" ಎನಿಸಿದರೆ ಅದನ್ನು ಪಾಪವೆಂದು ಬಚ್ಚಿಡಬೇಕಾಗಿಲ್ಲ. ಅದು ಎಚ್ಚರಿಕೆಯ ಗಂಟೆ.

ಎಲೀಯನಿಗೆ ದೇವರು ಮೊದಲು ಕೊಟ್ಟದ್ದು

ಅರಸುಗಳು ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿ ನೋಡಿ. ಕಾರ್ಮೆಲ್ ಬೆಟ್ಟದ ಮಹಾ ಜಯದ ಬೆನ್ನಲ್ಲೇ ಪ್ರವಾದಿ ಎಲೀಯನು ಮರುಭೂಮಿಗೆ ಓಡಿ, ಗಿಡವೊಂದರ ನೆರಳಲ್ಲಿ ಬಿದ್ದು ಸಾವು ಬೇಡುತ್ತಾನೆ. ದೇವರು ಅವನಿಗೆ ಉಪದೇಶ ಮಾಡುವುದಿಲ್ಲ, ಹೆಚ್ಚು ಪ್ರಾರ್ಥಿಸು ಎನ್ನುವುದಿಲ್ಲ (ನಾವು ಹೇಳಿದ್ದೆವು). ಮಲಗಲು ಬಿಡುತ್ತಾರೆ. ದೂತನು ಎಬ್ಬಿಸಿ ಬಿಸಿ ರೊಟ್ಟಿ ನೀರು ಕೊಡುತ್ತಾನೆ. ಮತ್ತೆ ನಿದ್ದೆ, ಮತ್ತೆ ಊಟ. ಆಮೇಲೆಯೇ ಹೋರೇಬಿನ ದಾರಿ, ಅಲ್ಲಿ ದೇವರ ಮೆಲುದನಿ. ಕೊನೆಗೆ ಅವನ ದೊಡ್ಡ ದೂರು ನಾನೊಬ್ಬನೇ ಉಳಿದಿದ್ದೇನೆ ಎಂಬುದು. ಅದಕ್ಕೂ ಉತ್ತರ ಸಿಗುತ್ತದೆ: ಇನ್ನೂ ಏಳು ಸಾವಿರ ಮಂದಿ ಇದ್ದಾರೆ, ಜೊತೆಗೆ ಎಲೀಷನನ್ನು ಕರೆದುಕೋ. ನಿದ್ದೆ, ಅನ್ನ, ಮೌನ, ಸಂಗಾತಿ, ಈ ಕ್ರಮದಲ್ಲಿ. ನಾವಾದರೋ ಮೂರನೆಯದರಿಂದ ಶುರುಮಾಡಿ ಉಳಿದ ಮೂರನ್ನು ಮರೆಯುತ್ತೇವೆ.

ಸಂಗಾತಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಗೊಂದಲ ಹೆಚ್ಚು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾವ ಕಾರಣಕ್ಕೂ, ಯಾರ ಮುಂದೆಯೂ ಹೇಳುವಂತಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 983ನೇ ವಿಧಿ ಅದನ್ನು ಉಲ್ಲಂಘಿಸಲಾಗದ ಮುದ್ರೆ ಎನ್ನುತ್ತದೆ. ಆದರೆ ಸಿಸ್ಟರ್ ಅಥವಾ ಕಾರ್ಯಕರ್ತೆ ಕೇಳಿದ ಗುಟ್ಟು ಆ ಮುದ್ರೆಯ ಕೆಳಗೆ ಬರುವುದಿಲ್ಲ. ಅದನ್ನು ಕಾಪಾಡಬೇಕು ನಿಜ, ಆದರೆ ಒಬ್ಬರೇ ಹೊತ್ತು ಸಾಯಬೇಕಿಲ್ಲ. ತರಬೇತಿ ಪಡೆದ ಸಮಾಲೋಚಕರು ತಮಗಿಂತ ಅನುಭವಿಯೊಬ್ಬರ ಮುಂದೆ ನಿಯತವಾಗಿ ಕುಳಿತು, ಹೆಸರು ಊರು ಬಿಟ್ಟು, ತಮ್ಮ ಕೆಲಸದ ಬಗ್ಗೆ ಮಾತಾಡುತ್ತಾರೆ. ಅದು ಚಾಡಿಯಲ್ಲ, ವೃತ್ತಿಯ ಶಿಸ್ತು. ಮೂರು ತಾಲೂಕುಗಳ ಒಳಗೆ ಅಂಥವರನ್ನು ಹುಡುಕುವುದು ಕಷ್ಟ, ಹುಡುಕಿದರೂ ಗುಟ್ಟು ಉಳಿಯುವುದು ಕಷ್ಟ. ಆದ್ದರಿಂದ ಆ ವ್ಯಕ್ತಿ ಘಟ್ಟದ ಕೆಳಗೋ ಶಿವಮೊಗ್ಗದಲ್ಲೋ ಇರುವುದೇ ಒಳ್ಳೆಯದು. ತಿಂಗಳಿಗೊಮ್ಮೆ ಫೋನಿನಲ್ಲಿ ಒಂದು ಗಂಟೆ ಮಾತಾಡಿದರೂ ಸಾಕು. ಆ ವ್ಯಕ್ತಿ ತಮ್ಮ ಮೇಲಧಿಕಾರಿ ಆಗಿರದಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. "ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿ, ಆಮೇಲೆ ಹೇಳುತ್ತೇನೆ" ಎಂದು ಮಕ್ಕಳು ಕೇಳುವುದುಂಟು. ಆ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆಯ 19ನೇ ಕಲಂ ಹೇಳುತ್ತದೆ. ಜೀವಕ್ಕೆ ಅಪಾಯವಿರುವಾಗಲೂ ಮೌನ ಸಲ್ಲದು. "ನಿನ್ನ ಒಳಿತಿಗೆ ಬೇಕಾದರೆ ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಮೊದಲು ನಿನಗೆ ತಿಳಿಸಿಯೇ ಹೇಳುತ್ತೇನೆ" ಎಂದು ಆರಂಭದಲ್ಲೇ ಹೇಳಿಬಿಡಿ. ಕೊಡಬಾರದ ಮಾತು ಕೊಟ್ಟು ನಿದ್ದೆಗೆಟ್ಟವರನ್ನು ನಾವು ಬಲ್ಲೆವು.

ಹಾಗಾದರೆ ಪ್ರಾರ್ಥನೆ?

ಪ್ರಾರ್ಥನೆ ಬೇಡವೆಂದು ಯಾರೂ ತಿಳಿಯಬಾರದು. ಆದರೆ ಅದು ಇನ್ನೊಂದು ಡ್ಯೂಟಿ ಆಗಬಾರದು. ಇತರರಿಗಾಗಿ ಬೇಡುವುದು ನಮ್ಮ ಸೇವೆಯ ಭಾಗ, ಅದಕ್ಕೂ ಒಂದು ಅಳತೆ ಇರಲಿ. ದಿನಕ್ಕೊಮ್ಮೆ ಅವರ ಹೆಸರುಗಳನ್ನು ದೇವರ ಮುಂದೆ ಹೇಳಿ, "ಸ್ವಾಮಿ, ಇವರು ನಿಮ್ಮವರು, ನಾನು ರಕ್ಷಕಿಯಲ್ಲ" ಎಂದು ಬಿಟ್ಟುಕೊಡುವುದು ಒಂದು. ಯಾರಿಗಾಗಿಯೂ ಏನನ್ನೂ ಕೇಳದೆ ಯೇಸುಸ್ವಾಮಿಯ ಎದುರು ಬರೀ ಮಗುವಿನಂತೆ ಕುಳಿತುಕೊಳ್ಳುವುದು ಇನ್ನೊಂದು. ಈ ಎರಡನೆಯದನ್ನು ನಾವು ಬೇಗ ಬಿಟ್ಟುಬಿಡುತ್ತೇವೆ, ಏಕೆಂದರೆ ಅದರಿಂದ ಯಾರಿಗೂ ಉಪಯೋಗವಾದಂತೆ ಕಾಣುವುದಿಲ್ಲ. ಯೇಸುಸ್ವಾಮಿಯೇ ಜನರ ಗುಂಪು ಕಾಯುತ್ತಿರುವಾಗಲೂ ನಿರ್ಜನ ಸ್ಥಳಕ್ಕೆ ಸರಿದು ಪ್ರಾರ್ಥಿಸುತ್ತಿದ್ದರೆಂದು ಸಂತ ಲೂಕರು ಬರೆದಿದ್ದಾರೆ. ಅಂದು ಗುಣವಾಗದೆ ಹಿಂತಿರುಗಿದವರೂ ಇದ್ದಿರಬೇಕು.

ರಾತ್ರಿಯ ಆತ್ಮಪರೀಕ್ಷೆಯಲ್ಲಿ ಇಂದು ಏನು ತಪ್ಪು ಮಾಡಿದೆ ಎಂಬುದರ ಜೊತೆಗೆ, ಇಂದು ನನ್ನದಲ್ಲದ ಯಾವ ಹೊರೆಯನ್ನು ಮನೆಗೆ ತಂದೆ ಎಂದೂ ಕೇಳಿಕೊಳ್ಳಿ. ಅಳು ಬಂದರೆ ಅಳಿ. ಕೀರ್ತನೆಗಳಲ್ಲಿ ದೇವರೊಡನೆ ಜಗಳವಾಡುವ ಕೀರ್ತನೆಗಳು ಎಷ್ಟೊಂದಿವೆ ಎಂಬುದನ್ನು ನಾವು ಮರೆತಿದ್ದೇವೆ. ಲೊಯೋಲದ ಸಂತ ಇಗ್ನೇಷಿಯಸರು ಒಂದು ವ್ಯಾವಹಾರಿಕ ಎಚ್ಚರಿಕೆ ಕೊಟ್ಟಿದ್ದಾರೆ: ಮನಸ್ಸು ಒಣಗಿ ಕತ್ತಲಾದ ಹೊತ್ತಿನಲ್ಲಿ ಮೊದಲಿನ ದೊಡ್ಡ ನಿರ್ಧಾರಗಳನ್ನು ಬದಲಿಸಬಾರದು. ಸಭೆ ಬಿಡುತ್ತೇನೆ, ಕೆಲಸ ಬಿಡುತ್ತೇನೆ ಎಂಬ ಪತ್ರವನ್ನು ಜುಲೈ ತಿಂಗಳ ಜಡಿಮಳೆಯಲ್ಲಿ ಬರೆಯಬೇಡಿ!

ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ಕೊಟ್ಟ ಹೋಲಿಕೆ ನರಸಿಂಹರಾಜಪುರದವರಿಗೆ ವಿವರಿಸಬೇಕಾಗಿಯೇ ಇಲ್ಲ, ಭದ್ರಾ ಜಲಾಶಯದ ಹಿನ್ನೀರು ಅವರ ಮಗ್ಗುಲಲ್ಲೇ ಇದೆ. ಕಾಲುವೆಯು ಬಂದ ನೀರನ್ನು ಬಂದ ಹಾಗೆಯೇ ಸುರಿದುಬಿಡುತ್ತದೆ, ಜಲಾಶಯವು ತುಂಬುವವರೆಗೆ ಕಾದು, ತುಂಬಿದ ಮೇಲೆ ತನಗೆ ಕೊರತೆಯಾಗದಂತೆ ಕೊಡುತ್ತದೆ. ಧರ್ಮಸಭೆಯಲ್ಲಿ ಕಾಲುವೆಗಳು ಬಹಳ, ಜಲಾಶಯಗಳು ಕಡಿಮೆ ಎಂದು ಅವರು ಕೊರಗಿದ್ದರು.

ಆ ಸಿಸ್ಟರ್ ಈಗ ಮಾಡುತ್ತಿರುವುದು ಒಂದು ಸಣ್ಣ ಕೆಲಸ. ಸಾವಿನ ಮನೆಗೆ ಹೋಗಿ ಬಂದವರು ಸ್ನಾನ ಮಾಡದೆ ಒಳಗೆ ಬರುವುದಿಲ್ಲ ಎಂಬ ಪದ್ಧತಿ ನಮ್ಮ ಕಡೆಯೂ ಘಟ್ಟದ ಮೇಲೂ ಇದೆಯಲ್ಲ. ಅವರು ಸಂಜೆ ಕೆಲಸ ಮುಗಿಸಿ ಪ್ರಾರ್ಥನಾ ಕೋಣೆಗೆ ಹೋಗುವ ಮೊದಲು ಹಿಂದಿನ ನಲ್ಲಿಯಲ್ಲಿ ನಿಧಾನವಾಗಿ ಕೈಕಾಲು ತೊಳೆಯುತ್ತಾರೆ. ಆ ದಿನ ಬಂದವರನ್ನು ಒಬ್ಬೊಬ್ಬರಾಗಿ ನೆನೆದು, ದೇವರಿಗೆ ಒಪ್ಪಿಸಿ ಒಳಗೆ ಹೋಗುತ್ತಾರೆ. "ಎಲ್ಲರೂ ಹೊರಗೆ ನಿಲ್ಲುವುದಿಲ್ಲ ಫಾದರ್, ಒಬ್ಬಿಬ್ಬರು ಒಳಗೂ ಬರುತ್ತಾರೆ. ಮೊದಲಿನಷ್ಟು ಅಲ್ಲ" ಎಂದರು.

ಒಂದು ಎಚ್ಚರ ಅಗತ್ಯ. ಎಲ್ಲ ಬತ್ತುವಿಕೆಯೂ ಆತ್ಮಿಕವಲ್ಲ. ಪ್ರಾರ್ಥನೆ ಒಣಗಿದ್ದರೂ ಊಟ ರುಚಿಸಿ, ನಿದ್ದೆ ಬಂದು, ಮಕ್ಕಳ ಆಟ ನೋಡಿ ನಗು ಬರುತ್ತಿದ್ದರೆ ಅದು ಒಂದು. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಊಟ ಕೆಟ್ಟು, ಯಾವುದರಲ್ಲೂ ಆಸಕ್ತಿ ಉಳಿಯದೆ, ಬದುಕಿ ಏನು ಪ್ರಯೋಜನ ಎನಿಸುತ್ತಿದ್ದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ವೈದ್ಯರಿದ್ದಾರೆ, ಔಷಧಿಯಿದೆ. ಅದನ್ನು ಸಂತ ಶಿಲುಬೆಯ ಯೊವಾನ್ನರ ಕತ್ತಲ ರಾತ್ರಿ ಎಂದು ಕರೆದು ಸಹಿಸಿಕೊಳ್ಳಿ ಎನ್ನುವ ಗುರುಗಳು ತಪ್ಪು ಮಾಡುತ್ತಾರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇತರರಿಗೆ ಈ ಸಂಖ್ಯೆ ಬರೆದುಕೊಡುವವರು ತಾವೂ ಅದಕ್ಕೆ ಕರೆ ಮಾಡಬಹುದು ಎಂಬುದನ್ನು ನೆನಪಿಡಲಿ.

ಕೊನೆಯದಾಗಿ, ಇದು ಸೇವೆ ಮಾಡುವವರೊಬ್ಬರ ಹೊಣೆಯೇ? ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಎಚ್ಚರಿಸಿದವನು ಹೊರಗಿನಿಂದ ಬಂದ ಮಾವ ಇತ್ರೋ. ಒಳಗಿದ್ದವರಾರಿಗೂ ಅದು ಕಂಡಿರಲಿಲ್ಲ. ನಮ್ಮ ಗುರುಗಳ ಮಟ್ಟಿಗೆ ಧರ್ಮಸಭೆಯ ಕಾನೂನೇ ಇತ್ರೋವಿನ ಕೆಲಸ ಮಾಡಿದೆ. ಧರ್ಮಕೇಂದ್ರದ ಗುರು ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಪಡೆಯಬಹುದು, ವಾರ್ಷಿಕ ಧ್ಯಾನಕೂಟದ ದಿನಗಳು ಅದರ ಲೆಕ್ಕಕ್ಕೆ ಬರುವುದಿಲ್ಲ ಎಂದು 533ನೇ ವಿಧಿ ಹೇಳುತ್ತದೆ. ಆದರೆ ಅದೇ ಚರ್ಚಿನ ನೆರಳಲ್ಲಿ ದುಡಿಯುವ ಸಮಾಲೋಚಕಿಗೆ, ಹಾಸ್ಟೆಲಿನ ಮೇಲ್ವಿಚಾರಕಿಗೆ, ಗೌರವಧನದ ಮೇಲೆ ನಿಂತ ಕಾರ್ಯಕರ್ತೆಗೆ ಆ ವಿಧಿ ಅನ್ವಯಿಸುವುದಿಲ್ಲ. ಅವರಿಗೆ ಧ್ಯಾನಕೂಟವೆಂದರೆ ಸ್ವಂತ ಖರ್ಚು, ಸಂಬಳ ಕಡಿತ, ಹಿಂತಿರುಗಿದಾಗ ಬಾಗಿಲಲ್ಲಿ ಕಾದಿರುವ ಸಾಲು. ನಮಗೆ ಸಿಕ್ಕಿದ್ದನ್ನು ಅವರಿಗೆ ಕೊಡಲು ನಾವು ಯಾವ ಕಾನೂನಿಗೂ ಕಾಯಬೇಕಿಲ್ಲ.

ಮುಂದಿನ ಪಾಲನಾ ಮಂಡಳಿ ಸಭೆಯಲ್ಲಿ ವರ್ಷದ ಖರ್ಚಿನ ಪಟ್ಟಿ ಬರುವಾಗ ಪಟಾಕಿ, ಬ್ಯಾಂಡು, ದೀಪಾಲಂಕಾರದ ಸಾಲುಗಳು ಖಂಡಿತ ಇರುತ್ತವೆ. ಅವುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ: ಸೇವಾ ಕಾರ್ಯಕರ್ತರ ಧ್ಯಾನಕೂಟ, ಐದು ದಿನ, ಸಂಬಳ ಸಹಿತ, ಬಸ್ ಖರ್ಚು ಸೇರಿ. ಆ ಐದು ದಿನ ಅವರ ಫೋನು ಯಾರ ಕೈಯಲ್ಲಿರಬೇಕು ಎಂಬುದನ್ನೂ ಅಲ್ಲೇ ತೀರ್ಮಾನಿಸಿ.