ಹುಲ್ಲುಗುಡ್ಡ ಖಾಲಿ ಜಾಗವಲ್ಲ

ಕುದುರೆಮುಖದ ಬೆಟ್ಟಸಾಲನ್ನು ಕಂಡವರಿಗೆಲ್ಲ ಒಂದು ಪ್ರಶ್ನೆ ಏಳುತ್ತದೆ. ಇಷ್ಟೊಂದು ಮಳೆ ಸುರಿಯುವ ಕಡೆ ಗುಡ್ಡದ ನೆತ್ತಿಯ ಮೇಲೆ ಬರೀ ಹುಲ್ಲೇಕೆ? ಮರಗಳೆಲ್ಲ ಕಣಿವೆಯ ಸಂದುಗಳಲ್ಲೇ ಏಕೆ ಒತ್ತಾಗಿ ನಿಂತಿವೆ? ಯಾರೋ ಕಾಡು ಕಡಿದಿರಬೇಕು, ಇಲ್ಲಿ ಸಸಿ ನೆಡಬೇಕು ಎಂದು ಬಹಳ ಜನ ತೀರ್ಮಾನಿಸಿಬಿಡುತ್ತಾರೆ.

ಆದರೆ ಇಂಥ ಹುಲ್ಲುಗುಡ್ಡಗಳು ಬಲು ಹಳೆಯವು. ನೆತ್ತಿಯಲ್ಲಿ ಮಣ್ಣು ತೆಳು, ಗಾಳಿಯ ಹೊಡೆತ ಜೋರು. ನೀಲಗಿರಿಯಂಥ ಎತ್ತರದಲ್ಲಿ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟಿ ಎಳೆಯ ಸಸಿಗಳು ಸಾಯುತ್ತವೆ. ಹುಲ್ಲು ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ಮಣ್ಣಿನ ಪದರಗಳಲ್ಲಿರುವ ಇಂಗಾಲವನ್ನು ಪರೀಕ್ಷಿಸಿ, 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಇಲ್ಲಿನ ಹುಲ್ಲು ಮತ್ತು ಮರಗಳು ಇಂಗಾಲವನ್ನು ಹಿಡಿದಿಡುವ ಬಗೆ ಬೇರೆಬೇರೆ. ಮಣ್ಣಿನಲ್ಲಿ ಆ ವ್ಯತ್ಯಾಸದ ಗುರುತು ಉಳಿಯುತ್ತದೆ. ಸುಮಾರು 20,000 ವರ್ಷಗಳ ಹಿಂದೆ, ಹವೆ ಒಣಗಿದ್ದ ಕಾಲದಲ್ಲೇ, ಅಲ್ಲಿ ಹುಲ್ಲು ಹಬ್ಬಿತ್ತೆಂದು ಆ ಗುರುತುಗಳು ಹೇಳಿದವು.

ಈ ಹುಲ್ಲುಹೊದಿಕೆಯ ಕೆಲಸ ತಿಳಿಯಬೇಕಾದರೆ ಒಂದೇ ಒಂದು ಮಳೆಹನಿಯನ್ನು ಗಮನಿಸಿ. ದಪ್ಪ ಹನಿ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಬರಿನೆಲಕ್ಕೆ ಅಪ್ಪಳಿಸಿದರೆ ಮಣ್ಣಿನ ಹೆಂಟೆ ಒಡೆದು ನುಣ್ಣನೆಯ ಕಣಗಳು ಚಿಮ್ಮುತ್ತವೆ. ಅವು ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಮೇಲ್ಮೈ ಗಟ್ಟಿ ಹಕ್ಕಳೆಯಾಗುತ್ತದೆ. ಆಮೇಲಿನ ಮಳೆ ಇಂಗದೆ ಮಣ್ಣನ್ನೂ ಕೊಚ್ಚಿಕೊಂಡು ಓಡುತ್ತದೆ. ಹುಲ್ಲಿದ್ದರೆ ಹನಿಯ ಹೊಡೆತ ಎಸಳುಗಳ ಮೇಲೆಯೇ ಮುರಿಯುತ್ತದೆ. ನೀರು ನಿಧಾನವಾಗಿ ಬುಡಕ್ಕಿಳಿದು, ಬೇರು ಬಿಟ್ಟ ಜಾಡು ಹಿಡಿದು ಒಳಗೆ ಹೋಗುತ್ತದೆ.

ಎತ್ತರದ ಮರವೊಂದೇ ಈ ಕೆಲಸ ಮಾಡಲಾರದು. ಎಲೆಯ ತುದಿಯಲ್ಲಿ ಕೂಡಿಕೊಂಡ ಹನಿ ಮಳೆಹನಿಗಿಂತ ದೊಡ್ಡದಾಗಿ, ಎತ್ತರದಿಂದ ಬೀಳುವಾಗ ಮತ್ತೆ ವೇಗ ಪಡೆಯುತ್ತದೆ. ಅದನ್ನು ತಡೆಯುವುದು ಕೆಳಗಿನ ಗಿಡಗಂಟಿ, ತರಗೆಲೆ. ಕಣಿವೆಯ ಸಂದುಗಳಲ್ಲಿ ಒತ್ತಾಗಿ ಬೆಳೆಯುವ ಶೋಲಾ ಕಾಡಿನಲ್ಲಿ ಇವೆರಡೂ ಸಮೃದ್ಧ. ಮೇಲೆ ಹುಲ್ಲು, ಕಣಿವೆಯಲ್ಲಿ ಶೋಲಾ: ಈ ಜೋಡಿಯ ಮಡಿಲಲ್ಲೇ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುತ್ತವೆ.

ಇಂಥ ಹುಲ್ಲುಗುಡ್ಡಗಳನ್ನು ಬೀಳುಭೂಮಿಯೆಂದು ಬಗೆದು ನೀಲಗಿರಿ ಬೆಟ್ಟಗಳಲ್ಲಿ ವಾಟಲ್, ಯೂಕಲಿಪ್ಟಸ್ ಮರಗಳನ್ನು ನೆಟ್ಟರು. ಮಲೆನಾಡಿನ ಎಷ್ಟೋ ಬೇಣಗಳು (ಹುಲ್ಲುಗಾವಲುಗಳು) ಅಕೇಶಿಯಾ ನೆಡುತೋಪುಗಳಾದವು. ವಾಟಲ್ ತಾನೇ ಬೀಜ ಬಿತ್ತಿಕೊಂಡು ಪಕ್ಕದ ಹುಲ್ಲುಗಾವಲನ್ನೂ ನುಂಗುತ್ತಿದೆ. ಹೊರಗಿನಿಂದ ನೋಡಿದರೆ ಹಸಿರು ಹೆಚ್ಚಿದೆ. ಆದರೆ ಆ ನೆಲವನ್ನೇ ನಂಬಿದ್ದ ಹುಲ್ಲು, ಹೂಗಿಡ, ಹಕ್ಕಿಗಳಿಗೆ ಜಾಗವಿಲ್ಲ.

ವನಮಹೋತ್ಸವಕ್ಕೆ ಸಸಿ ಹಿಡಿದು ಗುಡ್ಡ ಹತ್ತುವ ಮುನ್ನ, ಅಲ್ಲಿ ಮೊದಲಿನಿಂದ ಏನು ಬೆಳೆಯುತ್ತಿತ್ತೆಂದು ಊರಿನ ಹಿರಿಯರನ್ನು ಕೇಳಿ, ಸಸ್ಯ ಬಲ್ಲವರನ್ನು ವಿಚಾರಿಸಿ. ಕಾಡು ಕಳೆದುಕೊಂಡ ನೆಲಕ್ಕೆ ಅಲ್ಲಿಯದೇ ಮರಗಳನ್ನು ಕೊಡೋಣ. ಹುಲ್ಲುಗುಡ್ಡವನ್ನು ಹುಲ್ಲುಗುಡ್ಡವಾಗಿಯೇ ಉಳಿಸೋಣ.