ಖಾಲಿ ಚೌಕದ ಕೆಳಗೆ ಊರಿನ ಹೆಸರು

ವೆಬ್ ಅರ್ಜಿಯ ಖಾಲಿ ಚೌಕದ ಮೇಲೆ ಬೆರಳಿಟ್ಟೊಡನೆ ಬ್ರೌಸರ್ ‘ಫೋಕಸ್’ ಎಂಬ ಸೂಚನೆ ಹೊರಡಿಸುತ್ತದೆ. ಪುಟದ ಜಾವಾಸ್ಕ್ರಿಪ್ಟ್ ಅದಕ್ಕೆ ಕಾದಿದ್ದರೆ, ಒಂದಕ್ಷರ ಟೈಪ್ ಮಾಡುವ ಮೊದಲೇ ಸಲಹೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ಸಾಮಾನ್ಯವಾಗಿ ಹೀಗಾಗುವುದಿಲ್ಲ. ಇಂಥ ಪಟ್ಟಿಗಳಿಗೆ ಬಳಸುವ ಜೆಕ್ವೆರಿ ಯುಐ ಎಂಬ ಸಲಕರಣೆಯಲ್ಲಿ ಕನಿಷ್ಠ 1 ಅಕ್ಷರ ಬಿದ್ದು, 300 ಮಿಲಿಸೆಕೆಂಡ್ ಕಳೆದ ಮೇಲೆಯೇ ಹುಡುಕಾಟ ಶುರು. ಆ ಮಿತಿಯನ್ನು ಸೊನ್ನೆಗಿಳಿಸಿ, ಫೋಕಸ್ ಆದಾಗ ಖಾಲಿ ಪದವನ್ನೇ ಹುಡುಕಿಸಿದರೆ ಇಡೀ ಪಟ್ಟಿ ಎದುರಿಗೆ ಬರುತ್ತದೆ.

ಕನ್ನಡದ ಅರ್ಜಿಗಳಿಗೆ ಇದು ದೊಡ್ಡ ಉಪಕಾರ. ರಾಯಚೂರು ಜಿಲ್ಲೆಯ ಕಲ್ಲೂರಿನವರು ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಊರಿನ ಹೆಸರು ತುಂಬಬೇಕೆನ್ನಿ. ‘ಕಲ್ಲೂರು’ ಕಣ್ಣಿಗೆ ಮೂರಕ್ಷರ. ಯೂನಿಕೋಡ್ ಲೆಕ್ಕದಲ್ಲಿ 7 ಸಂಕೇತ: ಕ, ಲ, ಹಲಂತ, ಮತ್ತೊಂದು ಲ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಪೂರ್ತಿ ಹೆಸರನ್ನೇ ಹೋಲಿಸುವ ಅರ್ಜಿಯಲ್ಲಿ ಯಾರಾದರೂ ‘ಕಲ್ಲೂರ’ ಎಂದು ನಿಲ್ಲಿಸಿದರೂ ಹೋಲಿಕೆ ತಪ್ಪುತ್ತದೆ. ಅದೇ ಜಿಲ್ಲೆಯ ‘ದೇವದುರ್ಗ’ ಎಂಬ ಹೆಸರಿನ ತೊಡಕು ಇನ್ನೂ ಸೂಕ್ಷ್ಮ. ‘ದೇ’ ಅಕ್ಷರದ ಏಕಾರವನ್ನು ಒಂದೇ ಸಂಕೇತವಾಗಿ ದಾಖಲಿಸಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ದಾಖಲಿಸಬಹುದು. ಪರದೆಯ ಮೇಲೆ ಎರಡೂ ಒಂದೇ. ತಂತ್ರಾಂಶಕ್ಕೆ ಎರಡೂ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ತಂತ್ರಾಂಶ ಬರೆಯುವವರ ಹೊಣೆ. ಪಟ್ಟಿ ತಾನಾಗಿ ತೆರೆದಲ್ಲಿ ಬಳಕೆದಾರರಿಗೆ ಕಾಗುಣಿತದ ಗೋಜೇ ಇಲ್ಲ, ಹೆಸರು ಗುರುತಿಸಿದರೆ ಸಾಕು.

ಆದರೆ ಪಟ್ಟಿ ಚಿಕ್ಕದಿರಬೇಕು. ಕರ್ನಾಟಕದ 31 ಜಿಲ್ಲೆಗಳನ್ನು ಹೀಗೆ ತೋರಿಸಬಹುದು, ಸಾವಿರಾರು ಹಳ್ಳಿಗಳನ್ನಲ್ಲ. ಜಿಲ್ಲೆ, ತಾಲ್ಲೂಕು ಆರಿಸಿದ ಮೇಲಷ್ಟೇ ಹಳ್ಳಿಗಳ ಪಟ್ಟಿ ತೆರೆಯುವುದು ಮೇಲು. ಕಲ್ಲೂರು ಎಂಬ ಊರು ತುಮಕೂರಿನ ಗುಬ್ಬಿ ತಾಲ್ಲೂಕಿನಲ್ಲೂ ಇದೆ. ಹಾಗಾಗಿ ಹೆಸರಿನ ಪಕ್ಕದಲ್ಲಿ ತಾಲ್ಲೂಕು ಕಾಣಬೇಕು. ಅರ್ಜಿಯ ದಾಖಲೆಯೊಳಗೆ ಉಳಿಯಬೇಕಾದ್ದು ಹೆಸರಲ್ಲ, 2011ರ ಜನಗಣತಿ ಪ್ರತಿ ಹಳ್ಳಿಗೆ ಕೊಟ್ಟಂಥ 6 ಅಂಕಿಯ ಸಂಕೇತ.

ಪಟ್ಟಿ ತೆರೆಯುವುದಕ್ಕಿಂತ ಮುಚ್ಚುವುದೇ ಕಷ್ಟ. ಸಲಹೆಯ ಮೇಲೆ ಒತ್ತಿದಾಗ ಚೌಕ ಮೊದಲು ಫೋಕಸ್ ಕಳೆದುಕೊಳ್ಳುತ್ತದೆ. ‘ಕ್ಲಿಕ್’ ಬರುವುದು ಆಮೇಲೆ. ಫೋಕಸ್ ಹೋದೊಡನೆ ಪಟ್ಟಿ ಮುಚ್ಚುವಂತೆ ಬರೆದಿದ್ದರೆ ಕ್ಲಿಕ್ ಆಗುವಷ್ಟರಲ್ಲಿ ಊರಿನ ಹೆಸರೇ ಇರುವುದಿಲ್ಲ. ಗುಂಡಿ ಒತ್ತಿದ ಗಳಿಗೆಯ ‘ಮೌಸ್‌ಡೌನ್’ ಸೂಚನೆಯಲ್ಲೇ ಫೋಕಸ್ ಜಾರದಂತೆ ತಡೆಯುವುದು ಇದಕ್ಕೆ ಪರಿಹಾರ. ಕಣ್ಣು ಕಾಣದವರು ಬಳಸುವ ಪರದೆ ಓದುಗಕ್ಕೂ ಪಟ್ಟಿ ತೆರೆದದ್ದು ತಿಳಿಯಬೇಕು. ಬಾಣದ ಕೀಲಿಗಳಿಂದ ಆರಿಸಲು, ಎಸ್ಕೇಪ್ ಕೀಲಿಯಿಂದ ಮುಚ್ಚಲು ಬರಬೇಕು.

ಬ್ರೌಸರ್ ತಾನೇ ನೆನಪಿಟ್ಟ ಸಲಹೆಗಳ ವಿಷಯ ಬೇರೆ. ಹಲವರು ಅರ್ಜಿ ತುಂಬುವ ಸೈಬರ್ ಸೆಂಟರಿನ ಒಂದೇ ಕಂಪ್ಯೂಟರಿನಲ್ಲಿ ಹಿಂದಿನವರ ಫೋನ್ ಸಂಖ್ಯೆ ಮುಂದಿನವರಿಗೆ ಕಾಣಬಹುದು. ಅಂಥ ಚೌಕಗಳಿಗೆ ‘ಆಟೋಕಂಪ್ಲೀಟ್’ ಗುಣವನ್ನು ‘ಆಫ್’ ಎಂದು ಬರೆಯಬೇಕು. ಕೆಲವು ಬ್ರೌಸರ್‌ಗಳು ಅದನ್ನೂ ಲೆಕ್ಕಿಸುವುದಿಲ್ಲವಾದ್ದರಿಂದ ಸೆಂಟರಿನವರು ಸೆಟ್ಟಿಂಗ್ಸ್‌ನಲ್ಲೇ ಈ ನೆನಪನ್ನು ನಿಲ್ಲಿಸಿಡಬೇಕಾಗುತ್ತದೆ.