ಆದೇಶದ ಆಯ್ಕೆಗಳ ಪರಿಶೀಲನೆ: ವಿಸ್ತರಣೆಯ ಕೊಕ್ಕೆಗಳನ್ನು ಕುರಿತು

ಡೇಟಾಬೇಸ್ ತಂತ್ರಾಂಶವೊಂದಕ್ಕೆ ಹೊರಗಿನವರು ಬರೆದ ವಿಸ್ತರಣೆಗಳನ್ನು ಜೋಡಿಸಲು ಅವಕಾಶವಿತ್ತಾಗ, ಅವು ತರುವ ಹೊಸ ಆಯ್ಕೆಗಳ ಯುಕ್ತಾಯುಕ್ತತೆಯನ್ನು ಯಾರು, ಯಾವ ಘಟ್ಟದಲ್ಲಿ ಪರೀಕ್ಷಿಸಬೇಕೆಂಬ ಪ್ರಶ್ನೆ ಏಳುತ್ತದೆ. 2025ರಲ್ಲಿ ಹೊರಬಂದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ 18ನೆಯ ಆವೃತ್ತಿಯು ಎಕ್ಸ್‌ಪ್ಲೇನ್ ಆದೇಶದ ಮಟ್ಟಿಗೆ ಇದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ವಿವೇಚಿಸುತ್ತೇವೆ.

ಎಕ್ಸ್‌ಪ್ಲೇನ್ ಎಂಬುದು ಒಂದು ಕ್ವೆರಿಯನ್ನು ತಂತ್ರಾಂಶವು ಯಾವ ಕ್ರಮದಿಂದ ನೆರವೇರಿಸುವುದೆಂಬ ಯೋಜನೆಯನ್ನು ತೋರಿಸುವ ಆದೇಶ. ಅದು ತಾನಾಗಿ ಕ್ವೆರಿಯನ್ನು ನಡೆಸುವುದಿಲ್ಲ. ಅನಲೈಝ್ ಎಂಬ ಆಯ್ಕೆಯನ್ನು ಸೇರಿಸಿದರೆ ಮಾತ್ರ ನಿಜವಾಗಿಯೂ ನಡೆಸಿ, ಹಿಡಿದ ಕಾಲವನ್ನು ಅಳೆದು ಹೇಳುತ್ತದೆ. ಪರೀಕ್ಷೆಗೆ ಒಡ್ಡಿದ್ದು ಡಿಲೀಟ್ ಆದೇಶವಾಗಿದ್ದರೆ ಸಾಲುಗಳು ಅಳಿಸಿಯೇ ಹೋಗುತ್ತವೆ. ವಿದ್ಯಾರ್ಥಿಗಳು ಇದನ್ನು ಮರೆಯಬಾರದು. ಆದಕಾರಣ ಆಯ್ಕೆಗಳ ದೋಷವು ಕ್ವೆರಿ ಆರಂಭವಾಗುವ ಮೊದಲೇ ಬಯಲಾಗಬೇಕು. ಗಂಟೆಗಟ್ಟಲೆ ನಡೆದ ಮೇಲೆ ಬಯಲಾದರೆ ಶ್ರಮ ವ್ಯರ್ಥ. ಬಯಲಾಗದೆಯೇ ಉಳಿದರೆ ಅದಕ್ಕಿಂತ ಕೇಡು: ಕೇಳಿದ ಅಳತೆ ನಡೆದಿದೆಯೆಂದು ನಂಬಿ ಓದುಗನು ತಪ್ಪು ತೀರ್ಮಾನಕ್ಕೆ ಬರುತ್ತಾನೆ.

ದೋಷಗಳಲ್ಲಿ ಕೆಲವು ಒಂದೇ ಆಯ್ಕೆಯೊಳಗೆ ಕಾಣತಕ್ಕವು. ಫಾರ್ಮ್ಯಾಟ್ ಎಂಬುದಕ್ಕೆ ಟೆಕ್ಸ್ಟ್, ಎಕ್ಸ್‌ಎಮ್‌ಎಲ್, ಜೇಸನ್, ಯಾಮಲ್ ಇವುಗಳ ಹೊರತು ಬೇರೊಂದು ಬೆಲೆ ಸಲ್ಲದು. ಓದಿದ ಕ್ಷಣವೇ ತಿರಸ್ಕರಿಸಬಹುದು. ಉಳಿದವು ಆಯ್ಕೆಗಳ ಕೂಟದಿಂದ ಹುಟ್ಟತಕ್ಕವು. ಟೈಮಿಂಗ್ ಬೇಕೆಂದವನು ಅನಲೈಝ್ ಅನ್ನೂ ಕೇಳಿರಬೇಕು. 2023ರ 16ನೆಯ ಆವೃತ್ತಿಯಲ್ಲಿ ಬಂದ ಜೆನೆರಿಕ್ ಪ್ಲಾನ್, ಬೆಲೆ ಗೊತ್ತಿಲ್ಲದ ಚರಗಳಿರುವ ಕ್ವೆರಿಗೂ ಯೋಜನೆ ಕೊಡುತ್ತದೆ. ಅಂಥದನ್ನು ನಡೆಸಲಾಗದಾದ್ದರಿಂದ ಅದಕ್ಕೂ ಅನಲೈಝ್‌ಗೂ ಕೂಡುವುದಿಲ್ಲ. ಇಲ್ಲೊಂದು ತೊಡಕಿದೆ. ತಂತ್ರಾಂಶವು ಆಯ್ಕೆಗಳನ್ನು ಬರೆದ ಕ್ರಮದಲ್ಲಿ ಒಂದೊಂದಾಗಿ ಓದುತ್ತದೆ. ಟೈಮಿಂಗ್ ಮೊದಲು, ಅನಲೈಝ್ ಅನಂತರ ಬಂದಿದ್ದರೆ, ಮೊದಲನೆಯದನ್ನು ಓದುವಾಗ ಎರಡನೆಯದರ ಸುಳಿವೇ ಇರುವುದಿಲ್ಲ. ಅಲ್ಲಿಯೇ ತೀರ್ಪು ಕೊಟ್ಟರೆ ಒಂದೇ ಬೇಡಿಕೆಗೆ ಬರವಣಿಗೆಯ ಕ್ರಮಾನುಸಾರವಾಗಿ ಎರಡು ಉತ್ತರ ಬರುತ್ತದೆ. ಆದ್ದರಿಂದ ಮೂಲ ತಂತ್ರಾಂಶವು ಎಲ್ಲವನ್ನೂ ಓದಿ ಮುಗಿಸಿದ ಮೇಲೆಯೇ ಕೂಟಗಳನ್ನು ಪರೀಕ್ಷಿಸುತ್ತದೆ.

18ನೆಯ ಆವೃತ್ತಿಯಲ್ಲಿ ವಿಸ್ತರಣೆಯು ತನ್ನದೇ ಆಯ್ಕೆಯ ಹೆಸರನ್ನೂ ಅದನ್ನು ನಿರ್ವಹಿಸುವ ಫಂಕ್ಷನ್ ಒಂದನ್ನೂ ನೋಂದಾಯಿಸಬಹುದು. ಆ ಫಂಕ್ಷನ್ನಿಗೂ ಮೇಲಿನ ತೊಡಕು ತಪ್ಪದು. ದೂರದ ಸರ್ವರಿನಿಂದ ಬಂದ ಬೈಟುಗಳನ್ನು ಎಣಿಸುವ ಆಯ್ಕೆಯೊಂದನ್ನು ಕಲ್ಪಿಸಿಕೊಳ್ಳೋಣ: ಕ್ವೆರಿ ನಡೆಯದೆ ಎಣಿಕೆಯಿಲ್ಲ, ಆದರೆ ಅನಲೈಝ್ ಮುಂದೆ ಬರುವುದೋ ಇಲ್ಲವೋ ಆ ಫಂಕ್ಷನ್ ಅರಿಯದು. ಇದರ ಪರಿಹಾರಕ್ಕಾಗಿಯೇ ಇನ್ನೊಂದು ಕೊಕ್ಕೆಯನ್ನು ಇಟ್ಟಿದ್ದಾರೆ. ಆಯ್ಕೆಗಳೆಲ್ಲ ಓದಲ್ಪಟ್ಟು, ಮೂಲ ತಂತ್ರಾಂಶದ ಸ್ವಂತ ಪರೀಕ್ಷೆಗಳು ಮುಗಿದು, ಕ್ವೆರಿ ಇನ್ನೂ ಆರಂಭವಾಗದಿರುವ ಸಂಧಿಯಲ್ಲಿ ಅದು ಕರೆಯಲ್ಪಡುತ್ತದೆ.

ಈ ಕೊಕ್ಕೆಯ ದೌರ್ಬಲ್ಯವನ್ನೂ ಹೇಳಬೇಕು. ಕೊಕ್ಕೆಯೆಂದರೆ ಒಂದು ಫಂಕ್ಷನ್ನಿನ ವಿಳಾಸವನ್ನು ಹಿಡಿದಿಡುವ ಒಂದೇ ಒಂದು ಚರ. ಎರಡು ವಿಸ್ತರಣೆಗಳಿದ್ದರೆ, ಅನಂತರ ಬಂದದ್ದು ಮೊದಲಿನ ವಿಳಾಸವನ್ನು ಕಾದಿಟ್ಟುಕೊಂಡು, ತನ್ನ ಸರದಿಯಲ್ಲಿ ಅದನ್ನೂ ಕರೆಯಬೇಕು. ಮರೆತರೆ ಮೊದಲಿನದರ ಪರೀಕ್ಷೆ ಸದ್ದಿಲ್ಲದೆ ಲೋಪವಾಗುತ್ತದೆ, ಕಂಪೈಲರ್ ಎಚ್ಚರಿಸುವುದಿಲ್ಲ. ಶಿಸ್ತನ್ನು ಹೀಗೆ ಬರೆಯುವವನ ನೆನಪಿಗೆ ಬಿಡುವುದು ನಮಗೆ ಅಷ್ಟಾಗಿ ರುಚಿಸದು. ಮೇಲಾಗಿ ಕೊಕ್ಕೆಯು ಪ್ರತಿಯೊಂದು ಎಕ್ಸ್‌ಪ್ಲೇನ್‌ನಲ್ಲಿಯೂ ಕರೆಯಲ್ಪಡುವುದರಿಂದ, ತನ್ನ ಆಯ್ಕೆ ಬಳಕೆಯಾಗಿದೆಯೇ ಎಂದು ವಿಸ್ತರಣೆಯು ಮೊದಲು ನೋಡಿಕೊಳ್ಳಬೇಕು.

ಇದೇ ತಂತ್ರಾಂಶದ ಸೆಟ್ಟಿಂಗುಗಳಿಗೂ ಪರಿಶೀಲನೆಯ ಕೊಕ್ಕೆ ಬಹುಕಾಲದಿಂದ ಉಂಟು. ಅಲ್ಲಿ ಪರಿಶೀಲಿಸುವ ಫಂಕ್ಷನ್ ಬೇರೆ, ಬೆಲೆಯನ್ನು ನೆಲೆಗೊಳಿಸುವುದು ಬೇರೆ, ಎರಡನೆಯದು ವಿಫಲವಾಗಕೂಡದು. ಆದರೆ ಸೆಟ್ಟಿಂಗುಗಳು ಬೇರೆಬೇರೆ ಕಾಲದಲ್ಲಿ ಬದಲಾಗುವುದರಿಂದ ಅವುಗಳಿಗೆ 'ಓದಿ ಮುಗಿಯಿತು' ಎಂಬ ಘಳಿಗೆಯೇ ಇಲ್ಲ. ಒಂದರ ಪರೀಕ್ಷೆಯನ್ನು ಇನ್ನೊಂದರ ಮೇಲೆ ನಿಲ್ಲಿಸುವುದು ಅಪಾಯ. ಎಕ್ಸ್‌ಪ್ಲೇನ್‌ನ ಆಯ್ಕೆಗಳ ಆಯುಷ್ಯ ಒಂದೇ ಆದೇಶದ್ದು. ಕೂಟಪರೀಕ್ಷೆ ಅಲ್ಲಿ ಸಾಧ್ಯವಾದುದು ಅದರಿಂದಲೇ.

ಆ ಪರೀಕ್ಷೆಯಲ್ಲಿಯೂ ವಿಸ್ತರಣೆಯು ತನ್ನ ಆಯ್ಕೆಯ ಎಲ್ಲೆಯನ್ನು ಮೀರಬಾರದು. ಬಫರ್ಸ್ ಎಂಬ ಆಯ್ಕೆಗೆ 12ನೆಯ ಆವೃತ್ತಿಯವರೆಗೆ ಅನಲೈಝ್ ಅವಶ್ಯವಾಗಿತ್ತು. 2020ರ 13ನೆಯ ಆವೃತ್ತಿಯಿಂದ ಆ ನಿರ್ಬಂಧ ಹೋಯಿತು. ಮೂಲ ತಂತ್ರಾಂಶದ ಇಂಥ ನಿಯಮವನ್ನು ವಿಸ್ತರಣೆಯೊಂದು ತನ್ನಲ್ಲಿಯೂ ನಕಲು ಮಾಡಿಕೊಂಡಿದ್ದರೆ, ನಿಯಮ ಸಡಿಲಿದ ಮೇಲೂ ನ್ಯಾಯವಾದ ಬೇಡಿಕೆಯನ್ನು ಅದು ತಳ್ಳಿಹಾಕುತ್ತಲೇ ಇರುತ್ತದೆ.